ಲಿಗ್ನಿನ್ ತೂಕಕ್ಕೊಂದು ಚೊಂಬು ಬಿಸಿನೀರು

ಗಂಭೀರ ಕೆಲಸ ಮಾಡುವವರ ಸುತ್ತಲೇ ನಗು ಹೆಚ್ಚು ಸುಳಿದಾಡುತ್ತದೆ. ಐವತ್ತರ ದಶಕದ ಕೊನೆಯಲ್ಲಿ, ಹುಣಸೂರಿನ ಮರದ ಡಿಪೋ ಹಿಂದಿನ ಶೆಡ್ಡಿನಲ್ಲಿ ನಮ್ಮದೊಂದು ಪುಟ್ಟ ಪ್ರಯೋಗಾಲಯ. ರಸಾಯನಶಾಸ್ತ್ರ ಓದಿದ ಸಾಹೇಬರು, ಸಹಾಯಕನಾದ ನಾನು, ಚುಂಚನಕಟ್ಟೆ ಕಡೆಯ ಕಾವಲುಗಾರ ತಾತ. ಮೂವರೇ ಇದ್ದದ್ದು. ನಗುವುದಕ್ಕೆ ಅಷ್ಟು ಧಾರಾಳವಾಗಿ ಸಾಕಾಗಿತ್ತು.

೧. ತಡಿಕೆ ಗೋಡೆ

ಮರದಿಂದ ಲಿಗ್ನಿನ್ ಬೇರ್ಪಡಿಸಿ ಅದರ ಅಣುವಿನ ತೂಕ ಕಂಡುಹಿಡಿಯುವುದು ನಮ್ಮ ಕೆಲಸ. ಹಾಗೆಂದರೇನು ಎಂದು ತಾತ ಕೇಳಿದಾಗ ಸಾಹೇಬರು ಪುಸ್ತಕ ತೆಗೆಯಲಿಲ್ಲ. "ತಡಿಕೆ ಗೋಡೆ ನೋಡಿದ್ದೀರಲ್ಲ ತಾತ? ಬಿದಿರಿನ ದಬ್ಬೆಯೇ ಮರದ ನಾರು, ಮೆತ್ತಿದ ಮಣ್ಣೇ ಲಿಗ್ನಿನ್. ಆ ಮಣ್ಣನ್ನು ಬಿಡಿಸಿ ತೆಗೀಬೇಕು" ಎಂದರು. ಅಷ್ಟು ದೊಡ್ಡ ವಿಷಯವನ್ನು ಇಷ್ಟು ಸಲೀಸಾಗಿ ಹೇಳುವವರನ್ನು ನಾನು ಮತ್ತೆ ಕಾಣಲಿಲ್ಲ.

ತಾತ ತಲೆದೂಗಿದರು. "ಇದ್ಕೆ ಸರ್ಕಾರ ಸಂಬಳ ಕೊಡ್ತದಾ ಸಾಮಿ? ನಮ್ಮೂರಾಗೆ ಮಳೆ ಪುಕ್ಸಟ್ಟೆ ಮಾಡ್ತದೆ!"

೨. ಪಕ್ಕದ ಮನೆಯ ರಾಗಿ

ಮರದ ಹೊಟ್ಟನ್ನು ಉಕ್ಕಿನ ಗುಂಡುಗಳ ಜೊತೆ ಜಾಡಿಗೆ ಹಾಕಿ ನುಣ್ಣನೆ ಹಿಟ್ಟಾಗುವವರೆಗೆ ಉರುಳಿಸಬೇಕಿತ್ತು. ದಿನಗಟ್ಟಲೆ ಒಂದೇ ಸಮನೆ ಗಡಗಡ. ಮೂರನೆಯ ದಿನ ಪಕ್ಕದ ಮನೆಯ ಅಕ್ಕ ಮೊರದ ತುಂಬ ರಾಗಿ ಹಿಡಿದು ಬಂದರು. "ಎಂಗೂ ಓಡ್ತಾ ಐತಲ್ಲ, ಇದ್ನೂ ಆಕ್ಬುಡಿ."

ಇದು ಮರದ ಹಿಟ್ಟು ಎಂದು ತೋರಿಸಿದೆ. ಅವರು ಜಾಡಿಯೊಳಗೆ ಇಣುಕಿದರು. "ಮೂರ್ ದಿನಕ್ಕೆ ಒಂದ್ ಹಿಡಿನಾ? ನಾನು ಇಷ್ಟು ನಿಧಾನಕ್ಕೆ ಬೀಸಿದ್ರೆ ನಮ್ಮತ್ತೆ ತವರಿಗೆ ಅಟ್ಬುಟ್ಟಿರೋರು!"

೩. ಅಳತೆ ತಪ್ಪದ ತಾತ

ಆ ಹಿಟ್ಟಿನಿಂದ ದ್ರಾವಕದಲ್ಲಿ ಬಿಡಿಸಿಕೊಂಡ ಲಿಗ್ನಿನ್ ಸೀಸೆಯ ತಳ ಮುಚ್ಚುವಷ್ಟು. ಅದನ್ನು ಕರಗಿಸಿ ಸಣ್ಣ ಗಾಜಿನ ನಳಿಗೆಯಲ್ಲಿ ಇಳಿಯಬಿಟ್ಟು, ಎಷ್ಟು ಹೊತ್ತಿಗೆ ಇಳಿಯಿತೆಂದು ನೋಡಬೇಕು. ನಿಧಾನವಾದಷ್ಟೂ ಅಣು ದೊಡ್ಡದು. ನಳಿಗೆ ನಿಂತ ತೊಟ್ಟಿಯ ನೀರು ಮಾತ್ರ ಒಂದೇ ಹದದ ಬಿಸಿ ಇರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಸೋಮವಾರ ಮೈಸೂರಿನಿಂದ ಮೇಲಧಿಕಾರಿ ಬರುವವರಿದ್ದರು. ಅವರೆದುರು ಮೂರು ಸಲವೂ ಒಂದೇ ಲೆಕ್ಕ ಬರದಿದ್ದರೆ ಪ್ರಯೋಗಾಲಯ ಮುಚ್ಚಿ, ಶೆಡ್ಡಿಗೆ ದಿಮ್ಮಿ ತುಂಬಿಸುತ್ತಾರಂತೆ.

ನಮ್ಮ ಲೆಕ್ಕವೋ ಇವತ್ತು ಒಂದು, ನಾಳೆ ಇನ್ನೊಂದು. ಸಾಹೇಬರಿಗೆ ಊಟ ಸೇರದಾಯಿತು. ಆದರೂ ಯಾರನ್ನೂ ಗದರಲಿಲ್ಲ. "ತಪ್ಪು ನನ್ನ ಕೈಯದೇ" ಎನ್ನುತ್ತಿದ್ದರು.

ದಿನಾ ಬೆಳಿಗ್ಗೆ ತೊಟ್ಟಿಯ ಬಿಸಿ ನೋಡಿ, ನಳಿಗೆಯನ್ನು ಅದರಲ್ಲಿ ಇಳಿಬಿಟ್ಟು, ಅದು ಹದಕ್ಕೆ ಬರುವಷ್ಟರಲ್ಲಿ ನಾವಿಬ್ಬರೂ ಕಾಫಿ ಕುಡಿದು ಬರುವುದು ರೂಢಿ. ಗುರುವಾರ ಮರೆತ ಕನ್ನಡಕಕ್ಕೆ ನಾನು ಅರ್ಧ ದಾರಿಯಿಂದ ವಾಪಸ್ಸು ಬಂದೆ. ತಾತ ತೊಟ್ಟಿಯಿಂದ ಒಂದು ಚೊಂಬು ಬಿಸಿನೀರು ಮೊಗೆದು ಹಾಯಾಗಿ ಮುಖ ತೊಳೆಯುತ್ತಿದ್ದರು! ತೊಳೆದಾದ ಮೇಲೆ ಅದೇ ಚೊಂಬಿನಲ್ಲಿ ಬಾವಿಯ ತಣ್ಣೀರು ತಂದು ತೊಟ್ಟಿಗೆ ಸುರಿದರು.

"ಒಂದ್ ತೊಟ್ಟೂ ಕಮ್ಮಿ ಮಾಡಿಲ್ಲ ಕಣಪ್ಪ" ಎಂದು ನನಗೇ ಧೈರ್ಯ ಹೇಳಿದರು.

೪. ಸೋಮವಾರ

ವಿಷಯ ತಿಳಿದು ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಾತನಿಗೆ ಮಾತ್ರ ತಮ್ಮಿಂದಾದ ತಪ್ಪನ್ನು ಸಹಿಸಲಾಗಲಿಲ್ಲ. "ನಿಮ್ ಲೆಕ್ಕ ಸರಿ ಬರೋಗಂಟ ಮಕಕ್ಕೆ ನೀರು ಮುಟ್ಸಾಕಿಲ್ಲ" ಎಂದು ಬೆಟ್ಟದಪುರದ ಸ್ವಾಮಿಗೆ ಹರಕೆ ಹೊತ್ತರು. ತೊಟ್ಟಿಯ ಕೆಳಗಿನ ಸೀಮೆಎಣ್ಣೆ ಒಲೆಯನ್ನೂ ತಾವೇ ಕಾದರು. ಸೋಮವಾರದ ಹೊತ್ತಿಗೆ ಮುಖದಲ್ಲಿ ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಮಸಿ. ಅಂಥ ನಿಷ್ಠೆಯನ್ನು ನಾನು ಓದಿದವರಲ್ಲೂ ಕಂಡಿಲ್ಲ.

ಅಧಿಕಾರಿಗಳೆದುರು ನಳಿಗೆಯಲ್ಲಿ ದ್ರವ ಇಳಿಯಿತು. ಒಂದು ಸಲ, ಎರಡು ಸಲ, ಮೂರು ಸಲ. ಮೂರೂ ಒಂದೇ!

"ಈ ಶೆಡ್ಡಿನಲ್ಲಿ ಬಿಸಿ ಇಷ್ಟು ಹದವಾಗಿ ಹೇಗೆ ನಿಲ್ಲಿಸಿದಿರಿ?" ಎಂದು ಅಧಿಕಾರಿಗಳು ಬೆರಗಾದರು. ಪ್ರಯೋಗಾಲಯ ಉಳಿಯಿತು.

"ಇವರು ನಿಲ್ಲಿಸಿದ್ದು" ಎಂದು ಸಾಹೇಬರು ತಾತನನ್ನು ಮುಂದಕ್ಕೆ ಕರೆದರು. ಆ ಮಸಿ ಮುಖ ಕಂಡು ಅಧಿಕಾರಿಗಳು ಒಂದು ಹೆಜ್ಜೆ ಹಿಂದೆ ಸರಿದರು.

"ಲೆಕ್ಕ ಸರಿ ಬಂತಾ ಸಾಮಿ?"

"ಬಂತು ತಾತ, ಮೂರು ಸಲವೂ."

ತಾತ ಬೆನ್ನ ಹಿಂದಿನಿಂದ ಎರಡು ಚೊಂಬು ತೆಗೆದರು. ಒಂದು ಖಾಲಿ, ಒಂದು ತುಂಬಿದ್ದು.

"ಅಂಗಾರೆ ಒಂದ್ ಚೊಂಬು ಬಿಸ್ನೀರು ಕೊಡಿ ಸಾಮಿ. ತಣ್ಣೀರು ಜೊತೇಲೇ ತಂದಿವ್ನಿ!"