ಪಟ್ಟಾಭಿಯ ಯಂತ್ರಕ್ಕೆ ಬಂದ ಸೀನು

ಭಾಗೀರಥಿ ಇನ್ನಿಲ್ಲವೆಂದು ಡಾಕ್ಟರು ಹೊರಗೆ ಬಂದು ಹೇಳಿದ ದಿನ, ಅವಳ ತಮ್ಮ ಪಟ್ಟಾಭಿ ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದು, ಕೊನೆಗೆ, "ಭಾವ, ನಾನೊಂದು ಯಂತ್ರ ಮಾಡ್ತೀನಿ" ಎಂದ. ದುಃಖ ಬಂದರೆ ಕೆಲವರು ಅಳುತ್ತಾರೆ, ಕೆಲವರು ಮಾತು ಬಿಡುತ್ತಾರೆ. ಪಟ್ಟಾಭಿ ಯಂತ್ರ ಮಾಡುತ್ತಾನೆ. ಅವರ ತಂದೆ ತೀರಿಕೊಂಡಾಗ ಮಾಡಿದ ಚಟ್ನಿ ರುಬ್ಬುವ ಸೈಕಲ್ಲು ಈಗಲೂ ನಮ್ಮ ಹಿತ್ತಲಿನಲ್ಲಿದೆ. ಅದರ ಮೇಲೆ ಯಾರೂ ಕೂರುವುದಿಲ್ಲ.

ಈ ಸಲದ ಯಂತ್ರಕ್ಕೆ ಕಾರಣವಿತ್ತು. ಪ್ರತಿ ಚೈತ್ರದಲ್ಲೂ ಭಾಗೀರಥಿ ಊರ ಹಿಂದಿನ ಗುಡ್ಡಕ್ಕೆ ಹೋಗಿ, ಸಣ್ಣದೊಂದು ನೀಲಿ ಹೂವನ್ನು ಬುಟ್ಟಿ ತುಂಬ ತರುತ್ತಿದ್ದಳು. ನಾನು ಗಂಧ ತೇಯ್ದಿಟ್ಟುಕೊಂಡು ಕಾಯುತ್ತಿದ್ದೆ. ಅದು ಎಲ್ಲಿ ಅರಳುತ್ತದೆಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಹೋದ ಮೇಲೆ ಬಂದ ಮೊದಲ ಚೈತ್ರ ಇದು. ಈ ವರ್ಷ ದೇವರ ತಲೆಯ ಮೇಲೆ ಆ ಹೂವು ಇರುವುದಿಲ್ಲವಲ್ಲ ಎಂಬುದೇ ನನ್ನ ಕೊರಗು.

ಯುಗಾದಿ ಕಳೆದ ಭಾನುವಾರ ಪಟ್ಟಾಭಿ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಂಡು ಬಂದ. ಹಳೆಯ ಹಾರ್ಮೋನಿಯಂನ ತಿದಿ, ಅದಕ್ಕೊಂದು ರಬ್ಬರ್ ಕೊಳವೆ, ಕೊಳವೆಯ ತುದಿಗೆ ಹಿತ್ತಾಳೆಯ ಲಾಳಿಕೆ.

"ಹೆಸರು ಆಘ್ರಾಣಿ" ಎಂದ. "ಒಂದು ವಾಸನೆ ತೋರಿಸಿದ್ರೆ ಸಾಕು, ಅದು ಎಲ್ಲಿಂದ ಬಂತು ಅಂತ ಹುಡುಕುತ್ತೆ. ಅಪ್ಪಟ ಮನುಷ್ಯರ ಮೂಗು ಭಾವ. ಒಳಗಿನ ಕೂದಲೂ ಬಿಟ್ಟಿಲ್ಲ."

"ಹಾಗಾದ್ರೆ ನೆಗಡೀನೂ ಬರುತ್ತೇನೋ?"

"ನಿಮಗೆ ಎಲ್ಲಾದೂ ತಮಾಷೆ."

ಅವನು ಲಾಳಿಕೆಯನ್ನು ಅಡುಗೆಮನೆಯ ಕಡೆಗೆ ಹಿಡಿದ. ತಿದಿ ಉಬ್ಬಿತು. ಯಂತ್ರ ಹೆಣ್ಣುದನಿಯಲ್ಲಿ, "ಸಾರು. ಹುಣಸೆಹುಳಿ ಹೆಚ್ಚಾಗಿದೆ" ಎಂದಿತು. ಒಳಗೆ ಸೊಸೆ ಸೌಟು ಕುಕ್ಕಿದ ಸದ್ದು ಕೇಳಿದ ಕೂಡಲೇ ನಾವು ಹೊರಟುಬಿಟ್ಟೆವು. ನಾವೆಂದರೆ ನಾನು, ಪಟ್ಟಾಭಿ, ಎರಡನೆಯ ಕ್ಲಾಸಿನ ಮೊಮ್ಮಗಳು ಇಂಚರ, ಅವಳ ನಾಯಿಮರಿ ಕಡ್ಲೆ.

ಗುಡ್ಡದ ದಾರಿ ಸಲೀಸಾದದ್ದು. ಮುತ್ತುಗದ ಮರಗಳು ಎಲೆ ಉದುರಿಸಿ ಕೆಂಪಗೆ ನಿಂತಿದ್ದವು. ದಾರಿಯ ಬದಿಯಲ್ಲಿ ತುಂಬೆ ಹೂವು ಬಿಟ್ಟಿತ್ತು. ಕಡ್ಲೆ ಪ್ರತಿ ಗಿಡವನ್ನೂ ಮೂಸುತ್ತ, ಅರ್ಧ ಗಿಡಗಳಿಗೆ ನೀರೆರೆಯುತ್ತ ನಡೆಯಿತು. ಅದನ್ನು ನೋಡಿ ಇಂಚರ ನಿಂತಳು.

"ತಾತ, ಮೂಸಿದ ಹೂವು ದೇವರಿಗೆ ಆಗಲ್ಲ ಅಂತ ಅಜ್ಜಿ ಹೇಳ್ತಿದ್ರು. ಈ ಯಂತ್ರ ಮೂಸೇ ಹುಡುಕೋದಲ್ವಾ?"

ನಾನು ಪಟ್ಟಾಭಿಯ ಮುಖ ನೋಡಿದೆ. ಹೂ ಹುಡುಕುವ ಯಂತ್ರಕ್ಕೆ ಒಂದು ವರ್ಷ ತಲೆ ಕೆಡಿಸಿಕೊಂಡವನಿಗೆ ಇದು ಹೊಳೆದಿರಲಿಲ್ಲ.

"ಅದು ಯಂತ್ರ ಕಣಮ್ಮ. ಯಂತ್ರಕ್ಕೆಂಥ ಎಂಜಲು, ಯಂತ್ರಕ್ಕೆಂಥ ಮೈಲಿಗೆ?" ಎಂದ.

"ಅಪ್ಪಟ ಮನುಷ್ಯರ ಮೂಗು ಅಂದೆಯಲ್ಲೋ" ಎಂದೆ.

"ಒಂದು ಮಾರು ದೂರದಲ್ಲೇ ನಿಲ್ಲಿಸ್ತೀನಿ, ಬನ್ನಿ ಭಾವ."

ಹೂವಿಗೆಂದು ಮನೆಯಿಂದ ತಂದಿದ್ದ ಭಾಗೀರಥಿಯ ಬುಟ್ಟಿಯನ್ನು ಲಾಳಿಕೆಗೆ ಹಿಡಿದ. ಯಂತ್ರ ದೀರ್ಘವಾಗಿ ಉಸಿರೆಳೆದುಕೊಂಡು, ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಆಮೇಲೆ ನೇರವಾಗಿ ನನ್ನ ಎದೆಗೆ ಬಂದು ನಿಂತಿತು.

"ಹೂವು ಸಿಕ್ಕಿತು" ಎಂದಿತು.

ಇಂಚರ ನಕ್ಕು ನಕ್ಕು ನೆಲದ ಮೇಲೆ ಕೂತಳು. "ತಾತ ಹೂವಂತೆ!"

ನಾನು ಪಕ್ಕಕ್ಕೆ ಸರಿದೆ. ಲಾಳಿಕೆಯೂ ಸರಿಯಿತು. ಹಿಂದಕ್ಕೆ ಹೋದೆ. ಅದು ಪಟ್ಟಾಭಿಯನ್ನು ಎಳೆದುಕೊಂಡು ಹಿಂದೆಯೇ ಬಂತು. ದಾರಿ ತಪ್ಪಿ, ಬಂಡೆಗಳ ನಡುವಿನ ಒಂದು ಹೊಂಗೆಯ ಮರದ ಬುಡಕ್ಕೆ ಬಂದುಬಿಟ್ಟೆವು. ಪಕ್ಕದ ಬಂಡೆಯ ಕುಳಿಯಲ್ಲಿ, ದೊಣೆಯಲ್ಲಿ, ಇನ್ನೂ ಗೇಣಷ್ಟು ನೀರಿತ್ತು.

"ಹುಚ್ಚು ಹಿಡಿದಿದೆ ನಿನ್ನ ಮೂಗಿಗೆ" ಎಂದು ಗದರಿದೆ.

"ಇಲ್ಲ ಭಾವ, ಸರಿಯಾಗೇ ಇದೆ. ಅಕ್ಕ ಹೂವು ಬಾಡದ ಹಾಗೆ ಬುಟ್ಟಿಗೆ ಏನು ಹೊದಿಸ್ತಿದ್ಲು?"

ನಾನು ನಿಂತುಬಿಟ್ಟೆ. ನನ್ನ ಹಳೆಯ ಶಲ್ಯ. ಒಗೆದು, ಒಣಗಿಸಿ, ಗುಡ್ಡದ ದೊಣೆಯ ನೀರಿನಲ್ಲಿ ನೆನೆಸಿ ಹೊದಿಸುತ್ತೇನೆಂದು ಅವಳೇ ಹೇಳುತ್ತಿದ್ದಳು. ಎಷ್ಟು ಒಗೆದರೂ ನನ್ನ ನಸ್ಯದ ಘಾಟು ಅದನ್ನು ಬಿಡುವುದಿಲ್ಲವೆಂದು ಬೈಯುತ್ತಿದ್ದಳು. ನಾನು ಈ ಗುಡ್ಡ ಹತ್ತಿದವನಲ್ಲ. ನನ್ನ ಶಲ್ಯ ಪ್ರತಿ ವರ್ಷವೂ ಅವಳ ಜೊತೆ ಬಂದಿತ್ತು.

ಕಣ್ಣು ಒರೆಸಿಕೊಳ್ಳುವುದಕ್ಕೂ ಬಿಡಲಿಲ್ಲ ಆ ಯಂತ್ರ. ಲಾಳಿಕೆ ನನ್ನ ಸೊಂಟಕ್ಕೆ ಬಂದು, ಪಂಚೆಯ ಮಡಿಕೆಯಲ್ಲಿದ್ದ ನಸ್ಯದ ಡಬ್ಬಿಯನ್ನು ಗಬಕ್ಕನೆ ಎಳೆದುಕೊಂಡಿತು. ಒಳಗೆ ಮುಚ್ಚಳ ಬಿಚ್ಚಿದ ಸದ್ದಾಯಿತು. ತಿದಿ ಉಬ್ಬಿತು, ಇನ್ನೂ ಉಬ್ಬಿತು. ಆಮೇಲೆ ಯಂತ್ರ ಸೀನಿತು.

ಒಂಟಿ ಸೀನು. ನಾನು ತಕ್ಷಣ ಬಂಡೆಯ ಮೇಲೆ ಕೂತೆ.

"ಭಾವ, ಯಂತ್ರದ ಸೀನಿಗೂ ಶಕುನ ನೋಡ್ತೀರಾ?"

"ಅಪ್ಪಟ ಮನುಷ್ಯರ ಮೂಗು ಅಂದೆಯಲ್ಲೋ. ಇನ್ನೊಂದು ಸೀನುವವರೆಗೂ ನಾನು ಏಳೋನಲ್ಲ."

ಇನ್ನೊಂದು ಬಂತು. ಪಟ್ಟಾಭಿ ಆಮೆಯ ಹಾಗೆ ಅಂಗಾತ ಬಿದ್ದ. ನನ್ನ ಹೆಗಲ ಮೇಲಿನ ಶಲ್ಯ ಹಾರಿ ಹೊಂಗೆಯ ಕೊಂಬೆಗೆ ಸಿಕ್ಕಿಕೊಂಡಿತು. ಕಡ್ಲೆ ಎರಡು ಉರುಳು ಉರುಳಿ, ಎದ್ದು ಯಂತ್ರಕ್ಕೇ ಬೊಗಳಿತು. ಮರದ ಬುಡದಲ್ಲಿ ಮೊಣಕಾಲುದ್ದ ಬಿದ್ದಿದ್ದ ತರಗೆಲೆಯೆಲ್ಲ ಗುಡ್ಡದ ಕೆಳಗೆ ಹಾರಿಹೋಯಿತು. ಅದರ ಅಡಿಯಲ್ಲಿ, ಒದ್ದೆ ಮಣ್ಣಿನ ಮೇಲೆ, ಅವಳ ನೀಲಿ ಹೂವು ಹಾಸಿದ ಹಾಗೆ ಅರಳಿತ್ತು.

ಪಟ್ಟಾಭಿ ಮಲಗಿದ್ದಲ್ಲಿಂದಲೇ ಕೈ ಮುಗಿದ.

ಇಂಚರ ಮೆಲ್ಲಗೆ, "ಇದನ್ನೂ ಮೂಸಿಬಿಡ್ತಾ ತಾತ?" ಎಂದಳು.

ಉತ್ತರ ಯಂತ್ರವೇ ಕೊಟ್ಟಿತು. "ಏದೂ ವಾಸದೆ ಬರ್ತಿಲ್ಲ" ಎಂದಿತು ಪಾಪ, ಮೂಗು ಕಟ್ಟಿ.

ನಾನು ಕಡ್ಲೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಇಂಚರ ಉಸಿರು ಬಿಗಿಹಿಡಿದು ಬುಟ್ಟಿ ತುಂಬಿದಳು. ಕೊಂಬೆಯಿಂದ ಇಳಿಸಿದ ಶಲ್ಯವನ್ನು ದೊಣೆಯಲ್ಲಿ ನೆನೆಸಿ ನಾನೇ ಹೊದಿಸಿದೆ. ಆ ದಿನ ನಮ್ಮ ದೇವರಿಗೆ ಏನೂ ಕಡಿಮೆಯಾಗಲಿಲ್ಲ.

ಆಘ್ರಾಣಿಯ ನೆಗಡಿ ಈವರೆಗೂ ವಾಸಿಯಾಗಿಲ್ಲ. ನಮ್ಮ ಜಗುಲಿಯಲ್ಲಿ ಕೂತು, ನಾನು ಸಂಧ್ಯಾವಂದನೆಗೆ ಕೂತಾಗಲೆಲ್ಲ ಸೀನುತ್ತದೆ. ಭಗವಂತನ ಕೃಪೆಯಿಂದ ಯಾವಾಗಲೂ ಜೋಡಿ ಸೀನು. ಇಂಥ ಬಾಮೈದನನ್ನೂ, ಇಂಥ ಮೊಮ್ಮಗಳನ್ನೂ ನನಗೆ ಉಳಿಸಿ ಹೋದ ಭಾಗೀರಥಿಯ ಆತ್ಮಕ್ಕೆ ಆ ಪರಮಾತ್ಮ ಶಾಂತಿಯನ್ನು ಕೊಡಲಿ. ಪಟ್ಟಾಭಿ ಅವಳಿರುವಲ್ಲಿಗೆ ಹೋಗುವುದು ಬಹಳ ಬಹಳ ತಡವಾಗಲಿ. ಅಲ್ಲಿಯವರೆಗೆ ಆ ಶಾಂತಿಗೆ ಭಂಗವಿಲ್ಲ.