ಸನ್‌ಬರ್ಸ್ಟ್ ಗಿಡಕ್ಕೆ ನಾನು ಮಾಡಿದ ಉಪಚಾರ

ಒಂದು ಗುಲಾಬಿ ಗಿಡವನ್ನು ನಾಸಿಕ್‌ನಿಂದ ಸಂಭಾಜಿನಗರಕ್ಕೆ ತಂದು ಸಾಕುವುದು ದೊಡ್ಡ ಕೆಲಸವೇನಲ್ಲ. ಊರಾಚೆಯ ವಾಳೂಜ್‌ನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಗುಣಮಟ್ಟ ತಪಾಸಣೆ ನನ್ನ ಉದ್ಯೋಗ. ಕೂದಲೆಳೆಯಷ್ಟು ಬಾಗಿದ ಸರಳು ಕೂಡ ನನ್ನ ಕಣ್ಣು ತಪ್ಪಿಸಿ ಹೊರಗೆ ಹೋದ ದಾಖಲೆ ಇಲ್ಲ. ಅಂಥವನಿಗೆ ಒಂದು ಗಿಡ ಯಾವ ಲೆಕ್ಕ!

ಪ್ರಕರಣದ ಹಿನ್ನೆಲೆ ಹೀಗಿದೆ. ಬೀದರಿನಲ್ಲಿ ನನ್ನ ಮಾವನವರ ಅಂಗಳದಲ್ಲಿ ಸನ್‌ಬರ್ಸ್ಟ್ ಎಂಬ ಹಳದಿ ಗುಲಾಬಿ ಇತ್ತು. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಹುಟ್ಟಿದ ತಳಿ. ಅಂಚಿನಲ್ಲಿ ಬೆಣ್ಣೆಯ ಬಣ್ಣ, ನಡುವೆ ಮಾಗಿದ ಮಾವಿನಹಣ್ಣಿನ ಬಣ್ಣ. ಮಾವನವರ ಲಿಂಗಪೂಜೆಗೆ ಅದರದೇ ಹೂವು. ರಸ್ತೆ ಅಗಲ ಮಾಡುವವರು ಬಂದು ಅಂಗಳಕ್ಕೆ ಗುರುತು ಹಾಕಿ ಹೋದರು. ಮುದಿ ಗಿಡ, ಕಿತ್ತು ನೆಟ್ಟರೆ ಬದುಕದು. ಮಾವನವರು ಅದರ ಟೊಂಗೆಗಳನ್ನು ನಾಸಿಕ್‌ನ ನರ್ಸರಿಯೊಂದಕ್ಕೆ ಕಳಿಸಿ ಕಸಿ ಮಾಡಿಸಿದರು. ಕಾಡುಗುಲಾಬಿಯ ಕಾಂಡದಲ್ಲಿ ಒಳ್ಳೆಯ ಗಿಡದ ಕಣ್ಣನ್ನು, ಎಂದರೆ ಎಲೆಯ ಬುಡದ ಮೊಗ್ಗನ್ನು, ಕೂರಿಸುವ ವಿಧಾನ ಅದು. ಒಂದೇ ಒಂದು ಹಿಡಿಯಿತು.

"ಅಳಿಯಂದ್ರ, ನಿಮ್ಮ ಕೈಯಾಗ ಕೊಡ್ಲಕತ್ತೀನಿ. ಮಗಳನ್ನ ಕೊಡುವಾಗ ಇಷ್ಟು ಅಂಜಿದ್ದಿಲ್ಲ ನೋಡ್ರಿ" ಎಂದರು ಫೋನಿನಲ್ಲಿ.

ನರ್ಸರಿಯವನು ಬೆರಳುದ್ದದ ಚಿಗುರಿದ್ದ ಗಿಡವನ್ನು ಮಣ್ಣಿನ ಕುಂಡದ ಸಮೇತ ಕೈಗಿಟ್ಟು, "ನೀಚೇ ಸೇ ಜೋ ನಿಕ್ಲೇ, ಕಾಟ್ ದೇನಾ" ಎಂದ. ಬುಡದಿಂದ ಏಳುವುದು ಕಾಡುಚಿಗುರು, ಅದನ್ನು ಕತ್ತರಿಸಬೇಕು. ನನಗೇ ರಿಜೆಕ್ಟ್ ಮಾಡುವುದನ್ನು ಕಲಿಸುತ್ತಾನೆ!

ಪಂಚವಟಿಗೆ ಹೋಗಿ ಗೋದಾವರಿಗೆ ಕೈಮುಗಿದು ಬಸ್ಸು ಹಿಡಿಯೋಣ ಎಂದುಕೊಂಡದ್ದು ಮೊದಲ ತಪ್ಪು. ಓಣಿಯ ಗುಂಡಿಯಲ್ಲಿ ಆಟೋ ಎಗರಿದ ರಭಸಕ್ಕೆ ಕುಂಡ ಎರಡು ಹೋಳಾಯಿತು. ಬೇರಿಗೆ ಒದ್ದೆ ಟವೆಲ್ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಪ್ರಯಾಣ ಮುಗಿಸಿದೆ. ಬಸ್ಸಿನಲ್ಲಿ ಪಕ್ಕದ ಅಜ್ಜಿ ಟವೆಲ್ ಸರಿಸಿ ಮಗುವಿನ ಮುಖ ಹುಡುಕಿದಳು.

ಮನೆಯ ಬಾಲ್ಕನಿಯಲ್ಲಿ, ಇಲ್ಲಿನವರ ಬಾಯಲ್ಲಿ ಗ್ಯಾಲರಿಯಲ್ಲಿ, ಹೊಸ ಕುಂಡದಲ್ಲಿ ನೆಟ್ಟೆ. ಇನ್ನೊಮ್ಮೆ ಅಲುಗಾಡಬಾರದೆಂದು ಆಳವಾಗಿ ನೆಟ್ಟೆ. ಎಷ್ಟು ಆಳವೆಂದರೆ ಕಸಿಯ ಗಂಟೂ ಅದರ ಚಿಗುರೂ ಮಣ್ಣಿನೊಳಗೆ ಹೋದವು. ಇದು ಎರಡನೆಯ ತಪ್ಪು. ಆಗ ನಾನು ಅದನ್ನು ಇಂಜಿನಿಯರಿಂಗ್ ಎಂದು ತಿಳಿದಿದ್ದೆ.

ಕೆಲವು ವಾರಗಳ ನಂತರ ಮಣ್ಣಿನಿಂದ ಎರಡು ಚಿಗುರು ಎದ್ದವು. ಒಂದು ಕುಳ್ಳು, ಸೊಟ್ಟ, ಮೈತುಂಬ ಮುಳ್ಳು. ಇನ್ನೊಂದು ನೆಟ್ಟಗೆ, ನುಣ್ಣಗೆ, ಒಂದು ಮುಳ್ಳೂ ಇಲ್ಲ. ನಾನು ಕತ್ತರಿ ತಂದೆ.

"ರೀ, ಯಾವುದಕ್ಕೂ ಕೈ ಹಚ್ಚಬ್ಯಾಡ್ರಿ. ಮೊದಲ ಒಂದು ಫೋಟೋ ತೆಗೆದು ಅಪ್ಪಾಜಿಗೆ ಕಳಸ್ರಿ" ಎಂದಳು ಹೆಂಡತಿ ಮಹಾದೇವಿ.

"ಸೊಟ್ಟ ಮಾಲಿಂದು ಫೋಟೋ ಯಾರರ ಕಳಸ್ತಾರೇನು?"

"ಮಾಲಲ್ರೀ, ಗಿಡ ಅದು!"

ಕತ್ತರಿಸಿದೆ. ಸೊಟ್ಟದ್ದು ಕಸದ ಗಾಡಿಯಲ್ಲಿ ನಿರ್ಗಮಿಸಿತು.

ಉಳಿದದ್ದು ಶೇಂಗಾ ಹಿಂಡಿ ತಿಂದು ಬೆಳೆಯಿತು. ಗ್ಯಾಲರಿ ದಾಟಿ ಮೇಲಿನ ಮನೆಯ ಮರಾಠಿ ಚಿಕ್ಕಮ್ಮ ಕಾಕೂ ಅವರ ಬಟ್ಟೆ ಒಣಹಾಕುವ ತಂತಿ ಹಿಡಿಯಿತು. "ಅಹೋ, ಗುಲಾಬ್ ಆಹೇ ಕೀ ವೇಲ್?" ಎಂದು ಕಾಕೂ ಮೇಲಿನಿಂದ ಕೂಗಿದರು. ಗುಲಾಬಿಯೋ ಬಳ್ಳಿಯೋ ಎಂಬ ಪ್ರಶ್ನೆ. ಅಜ್ಞಾನವೆಂದು ಕ್ಷಮಿಸಿದೆ.

ಈಗ ಹೆಮ್ಮೆಯಿಂದ ಮಾವನವರಿಗೆ ಫೋಟೋ ಕಳಿಸಿ, ಮೊದಲ ಹೂವಿನಿಂದ ಪೂಜೆ ನಮ್ಮಲ್ಲೇ ಆಗಲಿ ಎಂದು ಆಹ್ವಾನಿಸಿದೆ. "ಹೂವಾದ ಮ್ಯಾಲ ಬರ್ತೀನ್ರಿ" ಎಂದಷ್ಟೇ ಉತ್ತರ ಬಂತು. ಸಂತೋಷಕ್ಕೆ ಮಾತು ಹೊರಡಲಿಲ್ಲವೆಂದು ನಾನು ಅರ್ಥೈಸಿದೆ.

ಹೂವಾಯಿತು. ಒಂದಲ್ಲ, ಗೊಂಚಲು ಗೊಂಚಲು! ಎಲ್ಲವೂ ಬಿಳಿ. ಗಾತ್ರದಲ್ಲಿ ಅಂಗಿಯ ಗುಂಡಿ. "ಹಳದಿ ಆಮೇಲೆ ಏರ್ತದ" ಎಂದು ಮಹಾದೇವಿಗೆ ಹೇಳಿದೆ.

ಮಾವನವರು ಬಂದು ಗಿಡದ ಮುಂದೆ ನಿಂತರು.

"ಅಳಿಯಂದ್ರ, ಇದು ಕಾಡುಗುಲಾಬಿ."

"ಹಂಗಂದ್ರ ಸನ್‌ಬರ್ಸ್ಟ್ ಎಲ್ಲಿ ಹೋಯ್ತ್ರಿ?"

"ಅದನ್ನ ನೀವೇ ಹೇಳಬೇಕು. ಫೋಟೋದಾಗ ಎಲಿ ನೋಡೇ ನನಗ ಗೊತ್ತಾಗಿತ್ತು. ಇಷ್ಟು ಖುಷಿಯಾಗೀರಿ, ಹೂವಾಗೂ ತನಕ ಇರ್ಲಿ ಅಂದೆ."

ಕಸದ ಗಾಡಿಯ ವಿಷಯ ಒಪ್ಪಿಕೊಂಡೆ. ಅವರು ಚೀಲದಿಂದ ಒದ್ದೆ ಬಟ್ಟೆಯ ಗಂಟು ತೆಗೆದರು. ಒಳಗೆ ಸನ್‌ಬರ್ಸ್ಟ್‌ನ ಟೊಂಗೆಗಳು.

"ನಮ್ಮ ಅಂಗಳಕ್ಕ ಬರೂ ವಾರ ಜೆಸಿಬಿ ಬರ್ತದಂತ. ಇವೇ ಕಡೀವು" ಎಂದು ಚೂರಿ ಬಿಚ್ಚಿ, ನನ್ನ ಗಿಡದ ಕಾಂಡವನ್ನು ಒತ್ತಿ ನೋಡಿದರು. "ಒಂದು ಮಾತು ಖರೇ ಅದ. ಕಾಡುಗಿಡ ಭಾಳ ಛಲೋ ಬೆಳಸೀರಿ!"

ಕಾಂಡದ ತೊಗಟೆ ಸೀಳಿ ಒಂದೊಂದೇ ಕಣ್ಣು ಕೂರಿಸಿ ಪಟ್ಟಿ ಕಟ್ಟಿದರು. ಮಹಾದೇವಿ ಪಟ್ಟಿ ಕೊಡುತ್ತಿದ್ದಳು. ನನಗೆ ವಹಿಸಿದ ಕೆಲಸ ದೂರ ನಿಲ್ಲುವುದು. ಅದನ್ನು ಲೋಪವಿಲ್ಲದೆ ನೆರವೇರಿಸಿದೆ.

ಜೆಸಿಬಿ ಬಂತು, ಬೀದರಿನ ಗಿಡ ಹೋಯಿತು. ಇಲ್ಲಿ ಕೂರಿಸಿದ ಕಣ್ಣುಗಳಲ್ಲಿ ಒಂದು ಮಾತ್ರ ಹಸಿರಾಗಿ ಚಿಗುರಿದೆ. ಕುಳ್ಳು, ಸೊಟ್ಟ, ಮೈತುಂಬ ಮುಳ್ಳು. ಎಷ್ಟು ಚೆಂದ!

ಮಹಾದೇವಿ ಮನೆಯ ಕತ್ತರಿಗಳನ್ನೆಲ್ಲ ಕಪಾಟಿಗೆ ಹಾಕಿ ಬೀಗದ ಕೈ ಸೆರಗಿಗೆ ಕಟ್ಟಿಕೊಂಡಿದ್ದಾಳೆ. ಹಾಲಿನ ಪಾಕೀಟನ್ನು ನಾನು ಹಲ್ಲಿನಿಂದ ಹರಿಯುತ್ತಿದ್ದೇನೆ.