ಧ್ರುವದ ಚಳಿಯೂ ಬಿಸಿಯೂಟದ ಸಾರೂ

ಮೇಷ್ಟ್ರಾದವನಿಗೆ ವಿಷಯ ಗೊತ್ತಿಲ್ಲದಿರುವುದು ಅಂಥ ದೊಡ್ಡ ತೊಂದರೆಯೇನಲ್ಲ. ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದೆ ತುಂಬುಗಂಟಲಲ್ಲಿ ಪಾಠ ಮಾಡುವುದಿದೆಯಲ್ಲ, ತೊಂದರೆ ಅದು. ನನ್ನ ಗಂಟಲು ಬಹಳ ಚೆನ್ನಾಗಿದೆ. ಚಿಕ್ಕಜಾಜೂರಿನ ಹತ್ತಿರದ ನಮ್ಮ ಶಾಲೆಯಲ್ಲಿ ನಾನು ಸಮಾಜ ಪಾಠ ಶುರು ಮಾಡಿದರೆ ರೈಲ್ವೆ ಗೇಟಿನವರೆಗೂ ಕೇಳಿಸುತ್ತದೆ ಎಂದು ಜನ ಹೇಳುತ್ತಾರೆ. ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿದ್ದೇನೆ. ಆ ಗಂಟಲಲ್ಲಿ ನಾನು ಇಪ್ಪತ್ತು ವರ್ಷ ಸಾರಿದ ಸತ್ಯಗಳಲ್ಲಿ ಒಂದು ಇದು: ಧ್ರುವಗಳು ಸೂರ್ಯನಿಂದ ದೂರ ಇವೆ, ಆದ್ದರಿಂದ ಅಲ್ಲಿ ಚಳಿ.

ಈ ಸಲ ಅದೇ ಪಾಠದ ದಿನ ಶಾಲೆ ನೋಡಲು ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಗಂಟಲನ್ನು ಇನ್ನಷ್ಟು ಏರಿಸಿದೆ. ಸಾಹೇಬರು ತಲೆಯಾಡಿಸಿ, "ಹೌದೌದು, ಬಹಳ ದೂರ," ಎಂದರು, ತಾವೇ ಹೋಗಿ ಬಂದವರಂತೆ. ಕಿಟಕಿಯಾಚೆ ಬಿಸಿಯೂಟದ ಅಡುಗೆ ಮಾಡುವ ರಂಗಮ್ಮ ಮೊರದಲ್ಲಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಮೊರವನ್ನು ಎಳೆಬಿಸಿಲಿಗೆ ಮುಖಮಾಡಿ ಗೋಡೆಗೆ ಓರೆಯಾಗಿ ಆನಿಸುತ್ತಲೇ, "ಮೇಷ್ಟ್ರೆ, ನಂದೊಂದು ಅನುಮಾನ ಐತೆ," ಎಂದರು.

"ಪಾಠ ನಡೀತಿದೆ ರಂಗಮ್ಮ," ಎಂದೆ.

"ಕೇಳ್ಲಿ ಬಿಡ್ರಿ," ಎಂದು ಸಾಹೇಬರು ಉದಾರರಾದರು.

"ಬೆಳಿಗ್ಗೆ ಹೊತ್ತು ಸೂರ್ಯ ಏನು ದೂರ ಹೋಗಿರ್ತಾನಾ? ಮಧ್ಯಾಹ್ನ ಹತ್ರ ಬರ್ತಾನಾ? ಇದ್ದಲ್ಲೇ ಇರ್ತಾನೆ. ಮತ್ಯಾಕೆ ಬೆಳಿಗ್ಗೆ ಬಿಸಿಲಿಗೆ ಮೆಣಸಿನಕಾಯಿ ಒಣಗಲ್ಲ?"

ನಾನು ಸಾಹೇಬರನ್ನು ನೋಡಿದೆ. ಸಾಹೇಬರು ಗೋಡೆಯ ಮೇಲಿನ ಭೂಪಟ ನೋಡಿದರು. ಉತ್ತರವನ್ನೂ ರಂಗಮ್ಮನೇ ಕೊಟ್ಟರು: "ನೆತ್ತಿ ಮೇಲಿನ ಬಿಸಿಲು ಒಂದೇ ಕಡೆ ಬೀಳ್ತೈತೆ, ಸುಡ್ತೈತೆ. ಓರೆ ಬಿಸಿಲು ಅಗಲಕ್ಕೆ ಹರಡ್ಕಂತೈತೆ. ಐವತ್ತು ಮಕ್ಕಳ ಸಾರಿಗೆ ನೀರು ಹಾಕಿ ನೂರು ಮಕ್ಕಳಿಗೆ ಬಡಿಸಿದಂಗೆ. ಎಲ್ಲರ ತಟ್ಟೆಗೂ ಬೀಳ್ತೈತೆ, ಯಾರಿಗೂ ಖಾರ ಹತ್ತಲ್ಲ. ಅದಕ್ಕೇ ಬಿಸಿಲು ನೆಟ್ಟಗೆ ಬೀಳ್ಲಿ ಅಂತ ಮೊರ ಓರೆ ಇಡ್ತೀನಿ. ನಿಮ್ಮ ಧ್ರುವದಾಗೂ ಹಂಗೇ ಓರೆ ಬಿಸಿಲು ಇರಬೇಕು ನೋಡ್ರಿ."

ಮಕ್ಕಳಿಗೆ ತಕ್ಷಣ ಅರ್ಥವಾಯಿತು. ನಮ್ಮ ಶಾಲೆಯ ಸಾರನ್ನು ಅವರು ದಿನಾ ಉಣ್ಣುವವರು. ಮುಂದಿನ ಸಾಲಿನ ಹುಡುಗಿಯೊಬ್ಬಳು ತನ್ನ ನೋಟ್ಸಿನಲ್ಲಿ 'ದೂರ' ಎಂಬ ಪದವನ್ನು ಹೊಡೆದುಹಾಕಿದಳು. ಅವಳು ಎಳೆದ ಆ ಗೀಟು ನನ್ನ ಬೆನ್ನ ಮೇಲೆ ಎಳೆದಂತಾಯಿತು.

ಮನೆಗೆ ಹೋಗಿ ಪಠ್ಯಪುಸ್ತಕ ತೆರೆದೆ. ಗೊತ್ತಿರುವ ಪಾಠವನ್ನು ಓದುವ ಕೆಟ್ಟ ಅಭ್ಯಾಸ ನನಗಿರಲಿಲ್ಲ. ಅದರಲ್ಲಿ ಎಲ್ಲವೂ ಇತ್ತು: ಓರೆ ಕಿರಣ, ತಿಂಗಳುಗಟ್ಟಲೆ ಮುಗಿಯದ ರಾತ್ರಿ, ಬಿದ್ದ ಅಷ್ಟಿಷ್ಟು ಬಿಸಿಲನ್ನೂ ತಿರುಗಿಸಿ ಕಳಿಸುವ ಬಿಳಿಯ ಹಿಮ. ದೂರದ ಮಾತು ಎಲ್ಲೂ ಇರಲಿಲ್ಲ.

ಸಾಹೇಬರು ವರದಿಯಲ್ಲಿ ಏನು ಬರೆಯುತ್ತಾರೋ ಎಂದು ಒಂದು ವಾರ ಹೆದರಿಕೊಂಡೇ ಇದ್ದೆ. ಅವರು ಬರೆದದ್ದು ಇಷ್ಟು: 'ನನ್ನ ಸೂಚನೆಯಂತೆ ಶಿಕ್ಷಕರು ಸ್ಥಳೀಯ ಉದಾಹರಣೆಗಳಿಂದ ಬೋಧಿಸಿದರು.' ಅಷ್ಟೇ ಅಲ್ಲ, ಹೊಸದುರ್ಗದ ಶಿಕ್ಷಕರ ತರಬೇತಿಯಲ್ಲಿ ಮಾತಾಡಲು ನನ್ನನ್ನೇ ಆರಿಸಿದರು. ರಂಗಮ್ಮನಿಗೆ ಸುದ್ದಿ ತಿಳಿಸಿದಾಗ, "ಹೋಗ್ಬರ್ರಿ, ಊಟ ಚೆನ್ನಾಗಿರ್ತೈತಂತೆ," ಎಂದರು.

ಹೊಸದುರ್ಗದಲ್ಲಿ ಮೊರವನ್ನೂ ಸಾರನ್ನೂ ನನ್ನ ಸ್ವಂತ ಅನುಭವವೆಂಬಂತೆ ವರ್ಣಿಸಿದೆ. ರಂಗಮ್ಮನ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆಗೆ ಅಡ್ಡ ಬರುವುದು ಮರ್ಯಾದೆಯಲ್ಲವೆಂದು ಸುಮ್ಮನಾದೆ. ಆಗ ಮೂರನೇ ಸಾಲಿನಿಂದ ಒಬ್ಬ ತರುಣ ಮೇಷ್ಟ್ರು ಎದ್ದು ನಿಂತ. ನನ್ನ ಹಳೆಯ ವಿದ್ಯಾರ್ಥಿಯೇ.

"ಸಾರ್, ನಮಗೆ ದೂರ ಅಂತ ಹೇಳಿಕೊಟ್ಟಿದ್ರಿ. ನಾನೂ ನಮ್ಮ ಶಾಲೆಯಾಗೆ ಹಂಗೇ ಹೇಳ್ತಾ ಇದೀನಿ."

ಸಭೆ ನನ್ನತ್ತ ತಿರುಗಿತು. ತಪ್ಪಾಗಿತ್ತಪ್ಪ ಎನ್ನಲು ಒಂದೇ ಉಸಿರು ಸಾಕಿತ್ತು. ನಾನು ಗಂಟಲು ಸರಿಮಾಡಿಕೊಂಡು, "ಆಗಿನ ಸಿಲಬಸ್ ಹಂಗಿತ್ತು ಕಣಪ್ಪ, ಈಗ ಬದಲಾಗೈತೆ," ಎಂದೆ.

ಅವನು ಕೂತು ಅದನ್ನು ಬರೆದುಕೊಂಡ. ನಾನು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳುವುದನ್ನು ಅವನಿಗೆ ಕಲಿಸಿದವನೂ ನಾನೇ.